ಬಿಸಿಲು ತಿಂದ ಚಹಾ: ರುಚಿ ಕೆಟ್ಟಾಗ ತಾಪ ಎಲ್ಲಿ ಹೊಕ್ಕಿತೆಂದು ಪತ್ತೆ ಮಾಡುವ ಬಗೆ

ಬಿಸಿ ದಿನಗಳ ಕೊಯ್ಲಿನ ಚಹಾ ಬಾಯಿಗಿಟ್ಟ ಕೂಡಲೇ ನಾಲಿಗೆಯನ್ನು ಹಿಡಿದುಕೊಂಡರೆ, ‘ಬಿಸಿಲು ಜಾಸ್ತಿಯಾಯಿತು’ ಎಂದು ಎಲ್ಲರೂ ಹೇಳಿಬಿಡುತ್ತಾರೆ. ಮಾತು ಸುಳ್ಳಲ್ಲ, ಆದರೆ ಅದರಿಂದ ದುರಸ್ತಿಗೆ ದಾರಿ ಸಿಗುವುದಿಲ್ಲ. ತಾಪ ಚಹಾದೊಳಗೆ ಹೊಗಲು ಕನಿಷ್ಠ ನಾಲ್ಕು ಬಾಗಿಲುಗಳಿವೆ. ಎಲೆ ಗಿಡದ ಮೇಲಿರುವಾಗ, ಕೊಯ್ದು ಚೀಲಕ್ಕೆ ತುಂಬಿದಾಗ, ಬಾಡಿಸುವಾಗ, ಹುದುಗಿಸುವಾಗ. ಒಂದೊಂದು ಬಾಗಿಲಿನಿಂದ ಬಂದ ತಾಪವೂ ಬೇರೆ ಬೇರೆ ರುಚಿದ್ರವ್ಯವನ್ನು ಕೆಡಿಸುತ್ತದೆ, ಬಟ್ಟಲಿನಲ್ಲಿ ಬೇರೆ ಬೇರೆ ಗುರುತು ಬಿಡುತ್ತದೆ. ಆ ಗುರುತು ಹಿಡಿದು ಹಿಂದಕ್ಕೆ ನಡೆದು ಹೋಗುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಗಿಡದ ತೊಂದರೆಗೆ ಯಂತ್ರಗಳಲ್ಲಿ ಮದ್ದು ಹುಡುಕಿದವರನ್ನೂ ಯಂತ್ರದ ಮನೆಯ ತೊಂದರೆಗೆ ತೋಟದಲ್ಲಿ ಮರ ನೆಟ್ಟು ವರ್ಷಗಟ್ಟಲೆ ಕಾದವರನ್ನೂ ಕಂಡಿದ್ದೇನೆ. ಅಷ್ಟು ಶ್ರಮ ಹಾಗೆ ಹೋಗಬಾರದು.

ಮೊದಲು ಬಟ್ಟಲಿನಲ್ಲಿ ಕೇಳಿ

ತೋಟಕ್ಕೆ ಓಡುವ ಮೊದಲು ಚಹಾವನ್ನು ಸರಿಯಾದ ಅಳತೆಯಲ್ಲಿ ಕುಡಿದು ನೋಡಬೇಕು. ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕ ಇದಕ್ಕಾಗಿಯೇ ಇದೆ: 100 ಮಿಲಿಲೀಟರ್ ಕುದಿಯುವ ನೀರಿಗೆ 2 ಗ್ರಾಂ ಎಲೆ, 6 ನಿಮಿಷ ನೆನೆಸಿ ಸೋಸುವುದು. ಹಾಲು ಸಕ್ಕರೆ ಬೇಡ. ಮನೆಯಲ್ಲಿ ಕುಡಿಯಲು ಇದು ತೀರಾ ಗಟ್ಟಿ, ಆದರೆ ದೋಷ ಬಚ್ಚಿಟ್ಟುಕೊಳ್ಳಲು ಜಾಗವಿರಬಾರದು ಎಂಬುದೇ ಇದರ ಉದ್ದೇಶ. ಪಕ್ಕದಲ್ಲಿ ಅದೇ ತಾಕಿನ ಹಳೆಯ ಒಳ್ಳೆಯ ಮಾಲನ್ನೂ ಅದೇ ಅಳತೆಯಲ್ಲಿ ಇಡಿ. ಹೋಲಿಕೆಗೆ ಎರಡನೆಯ ಬಟ್ಟಲಿಲ್ಲದೆ ಕೊಟ್ಟ ತೀರ್ಪನ್ನು ನಾನು ನಂಬುವುದಿಲ್ಲ, ಅದು ನನ್ನದೇ ನಾಲಿಗೆಯ ತೀರ್ಪಾದರೂ.

ಕಹಿ ಮತ್ತು ಒಗರನ್ನು ಬೇರ್ಪಡಿಸಿ ಹೇಳಲು ಕಲಿಯಬೇಕು. ಕಹಿ ಒಂದು ರುಚಿ. ಒಗರು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ: ಬಲಿಯದ ಹಣ್ಣನ್ನು ಕಚ್ಚಿದಾಗ ಕೆನ್ನೆಯ ಒಳಭಾಗ ಬಿಗಿದು ಒಣಗಿದಂತಾಗುತ್ತದಲ್ಲ, ಅದು. ಕೆಫೀನ್ ಕಹಿಯನ್ನಷ್ಟೇ ಕೊಡುತ್ತದೆ. ಕ್ಯಾಟೆಚಿನ್‌ಗಳು, ಎಂದರೆ ಚಹಾ ಎಲೆಯಲ್ಲಿರುವ ಒಂದು ಬಗೆಯ ರುಚಿದ್ರವ್ಯಗಳು, ಎರಡನ್ನೂ ಕೊಡುತ್ತವೆ. ಇಬ್ಬರು ರುಚಿ ನೋಡಿ ಒಬ್ಬರು ‘ಕಹಿ’, ಇನ್ನೊಬ್ಬರು ‘ಒಗರು’ ಎಂದರೆ ಅಲ್ಲಿಯೇ ನಿಂತು, ಇಬ್ಬರೂ ಒಂದೇ ವಿಷಯ ಹೇಳುತ್ತಿದ್ದಾರೆಯೇ ಎಂದು ಇತ್ಯರ್ಥ ಮಾಡಿಕೊಳ್ಳಿ.

ಈಗ ಬಟ್ಟಲು ಏನು ಹೇಳುತ್ತದೆ ನೋಡೋಣ. ಬಣ್ಣ ಚೆನ್ನಾಗಿದೆ, ಆದರೆ ಕಹಿ ಮತ್ತು ಒಗರು ಚುಚ್ಚುತ್ತವೆ, ನುಂಗಿದ ಮೇಲೆ ಬರಬೇಕಾದ ಮೆಲು ಸಿಹಿ ಬರುವುದೇ ಇಲ್ಲ ಎಂದಾದರೆ ಗಿಡದ ಮೇಲೆ ಅನುಮಾನ ಇಡಿ. ಇದಕ್ಕೆ ಉಲ್ಟಾ, ಒಗರೂ ಇಲ್ಲ ಹೊಳಪೂ ಇಲ್ಲ, ದ್ರವ ಮಂಕು ಕಂದು, ಬೆಂದ ಸೊಪ್ಪಿನಂಥ ವಾಸನೆ, ಬಾಯಲ್ಲಿ ಸಪ್ಪೆ ಎಂದಾದರೆ ತಾಪ ಹೊಕ್ಕಿದ್ದು ಹೆಚ್ಚಾಗಿ ಕೊಯ್ದ ಮೇಲೆ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದೇ ಬಹುಪಾಲು ಗೊಂದಲದ ಮೂಲ. ರುಚಿ ಪರವಾಗಿಲ್ಲ, ಘಮವೇ ಇಲ್ಲ ಎಂದರೆ ಬಾಡಿಸಿದ್ದು ಸರಿಯಾಗಿಲ್ಲದಿರುವ ಸಾಧ್ಯತೆ ಹೆಚ್ಚು. ತೆಳುವಾಗಿಯೂ ಒರಟಾಗಿಯೂ ಇದ್ದರೆ ಬಂಜಿ ಚಿಗುರು (ಮೊಗ್ಗು ಬೆಳೆಯದೆ ನಿಂತುಬಿಟ್ಟ ಚಿಗುರು) ಅಥವಾ ಬಲಿತ ಎಲೆ ಬೆರೆತಿದೆಯೇ ನೋಡಿ.

ಕಪ್ಪು ಚಹಾ ಆದರೆ ಇನ್ನೊಂದು ಸುಲಭದ ಸಾಕ್ಷಿ ಇದೆ. ಸೋಸಿದ ಗಟ್ಟಿ ದ್ರವವನ್ನು ಹಾಗೆಯೇ ಆರಲು ಬಿಡಿ. ಒಳ್ಳೆಯ ಮಾಲು ಆರುತ್ತಾ ಬಂದಂತೆ ಕೆನೆಗಟ್ಟಿದ ಹಾಗೆ ಮಸುಕಾಗುತ್ತದೆ. ಎಲೆ ಹುದುಗುವಾಗ ಕ್ಯಾಟೆಚಿನ್‌ಗಳಿಂದ ಹುಟ್ಟುವ ಥಿಯಾಫ್ಲೇವಿನ್‌ನಂಥ ದ್ರವ್ಯಗಳು ಕೆಫೀನ್ ಜೊತೆ ಕಟ್ಟಿಕೊಂಡು ತಣ್ಣನೆಯ ನೀರಿನಲ್ಲಿ ಕರಗದೆ ಉಳಿಯುವುದರಿಂದ ಹೀಗಾಗುತ್ತದೆ. ಗಾಢ ಬಣ್ಣದ ಚಹಾ ಪೂರ್ತಿ ಆರಿದ ಮೇಲೂ ತಿಳಿಯಾಗಿಯೇ ಉಳಿದರೆ ಬಣ್ಣ ಬಂದಿದೆ, ಹುರುಳು ಬಂದಿಲ್ಲ ಎಂದು ತಿಳಿಯಿರಿ.

ಗಿಡವೋ, ಯಂತ್ರದ ಮನೆಯೋ? ಹಬೆಯ ಪರೀಕ್ಷೆ

ಇಡೀ ಪತ್ತೆಯಲ್ಲಿ ನನಗೆ ಅತಿ ಹೆಚ್ಚು ಸಮಯ ಉಳಿಸಿಕೊಟ್ಟ ಪರೀಕ್ಷೆ ಇದು. ಅನುಮಾನವಿರುವ ತಾಕಿನಿಂದ ಎರಡೆಲೆ ಒಂದು ಮೊಗ್ಗಿನ ಚಿಗುರನ್ನು ಎರಡು ಹಿಡಿಯಷ್ಟು ಕೊಯ್ದು, ಅಲ್ಲಿಯೇ, ತೋಟದ ಅಂಚಿನಲ್ಲಿಯೇ, ಕುದಿಯುವ ನೀರಿನ ಮೇಲಿಟ್ಟ ಜರಡಿಯಲ್ಲಿ ಒಂದು ನಿಮಿಷ ಹಬೆ ಕೊಡಿ. ಎಲೆ ಹಸಿರಾಗಿಯೇ ಮೆತ್ತಗಾಗಬೇಕು. ತೊಟ್ಟು ಮುರಿದ ಕಡೆ ಕೆಂಪಾಗತೊಡಗಿದರೆ ಹಬೆ ಸಾಲಲಿಲ್ಲ. ಬೀಸಿ ಆರಿಸಿ, ಕಡಿಮೆ ಉರಿಯಲ್ಲಿ ಗರಿಗರಿಯಾಗುವಂತೆ ಒಣಗಿಸಿ. ಹಬೆ ಕಿಣ್ವಗಳನ್ನು ಕೊಲ್ಲುತ್ತದೆ. ಹಾಗಾಗಿ ಕೊಯ್ದ ಗಳಿಗೆಯಲ್ಲಿ ಚಿಗುರಿನಲ್ಲಿದ್ದ ಕ್ಯಾಟೆಚಿನ್, ಕೆಫೀನ್, ಅಮೈನೋ ಆಮ್ಲಗಳು ಬಹುಮಟ್ಟಿಗೆ ಇದ್ದಂತೆಯೇ ಉಳಿಯುತ್ತವೆ. ಅದೇ ದಿನ, ಅದೇ ಹೊತ್ತಿನಲ್ಲಿ ಒಳ್ಳೆಯ ನೆರಳಿರುವ ಗಿಡದಿಂದಲೂ ಇಷ್ಟೇ ಚಿಗುರು ತಂದು ಹೀಗೆಯೇ ಮಾಡಿ. ಎರಡನ್ನೂ ಮೇಲಿನ ಅಳತೆಯಲ್ಲಿ ಕುಡಿದು ನೋಡಿ.

ಬಿಸಿಲಿನ ತಾಕಿನದು ಎದ್ದು ಕಾಣುವಷ್ಟು ಕಹಿಯಾಗಿದ್ದರೆ ದೋಷ ಗಿಡದಲ್ಲಿದೆ. ಎರಡೂ ಒಂದೇ ಬಗೆಯಾಗಿದ್ದು, ತಯಾರಾದ ಮಾಲು ಮಾತ್ರ ಕೆಟ್ಟಿದ್ದರೆ ತೋಟವನ್ನು ಬಿಟ್ಟು ಚೀಲ, ತೊಟ್ಟಿ, ಹುದುಗುವ ಕೋಣೆಗಳ ಕಡೆ ಹೋಗಿ.

ಒಂದು ಎಚ್ಚರಿಕೆ. ಹಬೆಯ ಮಾದರಿ ರುಚಿಗೆ ಸಾಕ್ಷಿ, ಕಪ್ಪು ಚಹಾದ ಘಮಕ್ಕೆ ಅಲ್ಲ. ಲಿನಲೂಲ್, ಜೆರಾನಿಯಾಲ್‌ನಂಥ ಹೂವಿನ ಘಮದ ದ್ರವ್ಯಗಳ ಬಹುಪಾಲು ಹಸಿ ಎಲೆಯಲ್ಲಿ ಸಕ್ಕರೆಗೆ ಅಂಟಿಕೊಂಡು, ವಾಸನೆಯಿಲ್ಲದ ರೂಪದಲ್ಲಿ ಕೂತಿರುತ್ತವೆ. ಎಲೆಯನ್ನು ಹೊಸೆದು ಕೋಶಗಳು ಒಡೆದಾಗ ಕಿಣ್ವವೊಂದು ಆ ಸಕ್ಕರೆಯನ್ನು ಕತ್ತರಿಸಿ ಘಮವನ್ನು ಬಿಡುಗಡೆ ಮಾಡುತ್ತದೆ. ಹಬೆ ಕೊಟ್ಟಾಗ ಆ ಕಿಣ್ವವೇ ಸತ್ತಿರುತ್ತದೆ. ಘಮದ ದೂರಿದ್ದರೆ ಅದೇ ಚಿಗುರನ್ನು ತಂಪಾದ ಕೋಣೆಯಲ್ಲಿ ತೆಳ್ಳಗೆ ಹರಡಿ ರಾತ್ರಿಯಿಡೀ ಬಾಡಿಸಿ, ಕೈಯಿಂದಲೇ ಹೊಸೆದು, ಹುದುಗಿಸಿ, ಒಣಗಿಸಿ ನೋಡಬೇಕು. ಕೈಯಲ್ಲಿ ಮಾಡಿದ್ದು ಘಮಘಮಿಸಿ ಯಂತ್ರದಲ್ಲಿ ಮಾಡಿದ್ದು ಸಪ್ಪೆಯಾದರೆ ಉತ್ತರ ಸಿಕ್ಕಂತೆಯೇ.

ಗಿಡದೊಳಗೆ ಏನಾಗುತ್ತದೆ

ಚಹಾದ ಸಿಹಿಯನ್ನೂ ಮೆದುವಾದ ರುಚಿಯನ್ನೂ ಕೊಡುವುದು ಥಿಯಾನಿನ್ ಎಂಬ ಅಮೈನೋ ಆಮ್ಲ. ಚಹಾ ಎಲೆಯಲ್ಲಿ ಬಿಡಿಯಾಗಿರುವ ಅಮೈನೋ ಆಮ್ಲಗಳಲ್ಲಿ ಸುಮಾರು ಅರ್ಧದಷ್ಟು ಇದೊಂದೇ. ಒಣ ತೂಕದಲ್ಲಿ ಸಾಮಾನ್ಯವಾಗಿ ಶೇ. 1ರಿಂದ 2. ಇದು ಮುಖ್ಯವಾಗಿ ತಯಾರಾಗುವುದು ಬೇರಿನಲ್ಲಿ. ಗ್ಲುಟಮೇಟ್ ಮತ್ತು ಇಥೈಲಮೀನ್ ಸೇರಿ ಅಲ್ಲಿ ಥಿಯಾನಿನ್ ಆಗುತ್ತದೆ, ರಸದೊಂದಿಗೆ ಮೇಲೇರಿ ಚಿಗುರಿಗೆ ಬರುತ್ತದೆ. ಚಿಗುರಿಗೆ ಬಂದ ಮೇಲೆ ಬೆಳಕು ಬಿದ್ದರೆ ಮತ್ತೆ ಒಡೆಯುತ್ತದೆ, ಹಾಗೆ ಬಿಡಿಯಾದ ಇಥೈಲಮೀನ್ ಕ್ಯಾಟೆಚಿನ್ ಕಟ್ಟಲು ಬಳಕೆಯಾಗುತ್ತದೆ. ಎಂದರೆ ಸಿಹಿಯ ಸರಕು ಕಹಿಯ ಸರಕಾಗುತ್ತದೆ. ಜಪಾನಿನಲ್ಲಿ ಗ್ಯೋಕುರೊ ಚಹಾಕ್ಕಾಗಿ ಕೊಯ್ಲಿಗೆ ಸುಮಾರು ಮೂರು ವಾರ ಮೊದಲೇ ಗಿಡಗಳ ಮೇಲೆ ಹೊದಿಕೆ ಹಾಕುವುದು ಈ ಒಡೆತವನ್ನು ತಡೆಯುವುದಕ್ಕೇ.

ಈ ಲೆಕ್ಕವನ್ನು ತಾಪ ಎರಡೂ ತುದಿಯಿಂದ ಕೆಡಿಸುತ್ತದೆ. ಮಣ್ಣು ಕಾದು ಒಣಗಿದಾಗ ಬೇರು ಸಾರಜನಕ ಹೀರುವುದು ಕುಂಠಿತವಾಗಿ ಥಿಯಾನಿನ್ ಪೂರೈಕೆ ಇಳಿಯುತ್ತದೆ. ಮೇಲೆ ಉರಿಬಿಸಿಲಿನಲ್ಲಿ ಇದ್ದದ್ದೂ ಬೇಗ ಕರಗುತ್ತದೆ. ಕ್ಯಾಟೆಚಿನ್‌ಗಳು ಒಣ ತೂಕದ ಶೇ. 20ರಿಂದ 30ರವರೆಗೂ ಇರಬಲ್ಲವು. ಅವುಗಳಲ್ಲಿಯೂ ಗ್ಯಾಲಿಕ್ ಆಮ್ಲ ಅಂಟಿಕೊಂಡ ಬಗೆಗಳು ಹೆಚ್ಚು ಒಗರು. ಬೆಚ್ಚಗಿನ ವಾತಾವರಣ, ಬಲವಾದ ಬೆಳಕು ಇವುಗಳ ತಯಾರಿಯನ್ನು ಚುರುಕುಗೊಳಿಸುತ್ತವೆ. ತಾಪ ಮಿತಿ ಮೀರಿ ದಿನಗಟ್ಟಲೆ ಮುಂದುವರಿದರೆ ಇದೂ ಕುಸಿಯುತ್ತದೆ, ಏಕೆಂದರೆ ಕ್ಯಾಟೆಚಿನ್ ಕಟ್ಟಲು ಬೇಕಾದ ಇಂಗಾಲವನ್ನು ಎಲೆ ಹಿಡಿಯುವುದೇ ನಿಂತಿರುತ್ತದೆ. ಹೀಗಾಗಿ ಸೆಕೆಗಾಲದ ಆರಂಭದ ಕಹಿಯೂ ಕೊನೆಯ ಸಪ್ಪೆಯೂ ಒಂದೇ ಗಿಡದಿಂದ ಬರಬಹುದು. ಇದು ತಿಳಿಯದವರು ‘ಮೊದಲು ಕಹಿಯಿತ್ತು, ಈಗ ಇಳಿದಿದೆ, ಗಿಡ ಸುಧಾರಿಸಿತು’ ಎಂದುಕೊಳ್ಳುತ್ತಾರೆ. ಗಿಡ ಸುಧಾರಿಸಿಲ್ಲ, ದಣಿದಿದೆ.

ನನ್ನ ಅಭಿಪ್ರಾಯ ಕೇಳಿದರೆ ಕಹಿಯನ್ನು ದೋಷವೆಂದು ಕರೆಯುವುದೇ ತಪ್ಪು. ಒಳ್ಳೆಯ ಚಹಾದಲ್ಲಿಯೂ ಕಹಿ ಇರುತ್ತದೆ, ಅದನ್ನು ಹೊತ್ತುಕೊಳ್ಳುವ ಸಿಹಿ ಜೊತೆಗಿರುತ್ತದೆ. ಬಿಸಿಲು ತಿಂದ ಚಹಾದಲ್ಲಿ ಕೆಟ್ಟಿರುವುದು ಆ ಜೋಡಿ. ಕ್ಯಾಟೆಚಿನ್ ಮತ್ತು ಅಮೈನೋ ಆಮ್ಲಗಳ ಅನುಪಾತವನ್ನು ಪ್ರಯೋಗಾಲಯದಲ್ಲಿ ಅಳೆಸಲು ಅವಕಾಶವಿದ್ದರೆ ಅಳೆಸಿ. ಬಿಸಿಲಿನ ತಾಕು, ನೆರಳಿನ ತಾಕು ಎರಡರದ್ದನ್ನೂ ಕಳಿಸಿ. ಒಂದೇ ಮಾದರಿಯ ಒಂದೇ ಅಂಕಿ ಏನನ್ನೂ ಹೇಳುವುದಿಲ್ಲ.

ಘಮದ ಕಥೆ ಇಷ್ಟು ನೇರವಾಗಿಲ್ಲ. ಕಾದ ಎಲೆಯಲ್ಲಿ ಕೋಶಪೊರೆಯ ಕೊಬ್ಬು ಹಾಳಾಗುತ್ತದೆ. ಲಿನೋಲೆನಿಕ್ ಆಮ್ಲದಂಥ ಕೊಬ್ಬಿನಾಮ್ಲಗಳು ಒಡೆದಾಗ ಕತ್ತರಿಸಿದ ಹುಲ್ಲಿನ ವಾಸನೆಯ ಹೆಕ್ಸೆನಾಲ್, ಹೆಕ್ಸನಾಲ್‌ನಂಥವು ಹುಟ್ಟುತ್ತವೆ. ಈ ಹಸಿ ವಾಸನೆಯ ಗುಂಪು ಮೇಲುಗೈಯಾಗಿ ಹೂವಿನ ಗುಂಪು ಕೆಳಗಾದರೆ ಚಹಾ ಸೊಪ್ಪು ಸೊಪ್ಪಾಗಿ ನಾರುತ್ತದೆ. ಆದರೆ ಗಿಡಕ್ಕೆ ಬಂದ ಕಷ್ಟ ಮಿತಿಯೊಳಗಿದ್ದರೆ ಅದು ಘಮವನ್ನು ಹೆಚ್ಚಿಸುವುದೂ ಉಂಟು. ತೈವಾನಿನ ‘ಡೊಂಗ್‌ಫಾಂಗ್ ಮೇರೆನ್’ ಎಂಬ ಚಹಾ ಬೇಸಿಗೆಯ ಕೊಯ್ಲಿನದು, ಜಿಗಿಹುಳು ಕಚ್ಚಿದ ಚಿಗುರಿನಿಂದಲೇ ಮಾಡುತ್ತಾರೆ. ಡಾರ್ಜಿಲಿಂಗಿನ ಎರಡನೆಯ ಕೊಯ್ಲಿನ ದ್ರಾಕ್ಷಿಯಂಥ ಪರಿಮಳದಲ್ಲಿಯೂ ಜಿಗಿಹುಳುವಿನ ಪಾಲಿದೆ. ಆದ್ದರಿಂದ ‘ಬೇಸಿಗೆಯದು ಎಂದರೆ ಕೆಟ್ಟದ್ದು’ ಎಂಬ ತೀರ್ಮಾನದಿಂದ ಆರಂಭಿಸಬೇಡಿ.

ಎಲೆಯ ತಾಪ ಅಳೆಯಿರಿ, ಗಾಳಿಯದಲ್ಲ

ಹವಾಮಾನ ವರದಿಯಲ್ಲಿ 32 ಡಿಗ್ರಿ ಎಂದಿದ್ದರೆ ಅದು ನೆರಳಿನಲ್ಲಿಟ್ಟ ತಾಪಮಾಪಕದ ಮಾತು. ಗಾಳಿಯಿಲ್ಲದ ಮಧ್ಯಾಹ್ನ ಬಿಸಿಲಿಗೆ ಮೈಯೊಡ್ಡಿದ ಚಹಾ ಎಲೆ ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಕಾಯಬಲ್ಲದು. 1960ರ ದಶಕದಲ್ಲಿ ಅಸ್ಸಾಮಿನಲ್ಲಿ ನಡೆದ ಅಳತೆಗಳು ಈ ಕ್ಷೇತ್ರದ ಬುನಾದಿ: ಎಲೆಯ ತಾಪ ಸುಮಾರು 35 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ದ್ಯುತಿಸಂಶ್ಲೇಷಣೆ ಕಡಿದಾಗಿ ಇಳಿಯುತ್ತದೆ, 39ರಿಂದ 42ರ ನಡುವೆ ಎಲೆಗೆ ನಿವ್ವಳ ಗಳಿಕೆಯೇ ಇರುವುದಿಲ್ಲ. ಅಗಲವಾದ ಎಲೆಯನ್ನು ನೆಲಕ್ಕೆ ಸಮನಾಗಿ ಹರಡುವ ಅಸ್ಸಾಂ ಬಗೆಯ ಗಿಡ ನೇರ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆ. ಕಿರಿದಾದ ಎಲೆಯನ್ನು ಮೇಲ್ಮುಖವಾಗಿ ಹಿಡಿಯುವ ಚೀನಾ ಬಗೆಯದಕ್ಕೆ ಬಿಸಿಲು ಓರೆಯಾಗಿ ಬೀಳುತ್ತದೆ.

ಅವಗೆಂಪು ತಾಪಮಾಪಕವಿದ್ದರೆ ಕೆಲಸ ಸುಲಭ. ಅದರಲ್ಲಿರುವ ಹೊರಸೂಸುವಿಕೆ (ಎಮಿಸಿವಿಟಿ) ಎಂಬ ಅಂಕಿಯನ್ನು 0.95ಕ್ಕೆ ಹೊಂದಿಸಿ, ಮಧ್ಯಾಹ್ನ ಒಂದರಿಂದ ಮೂರರ ನಡುವೆ ಕೊಯ್ಲಿನ ಮಟ್ಟದ ಎಲೆಗಳಿಗೆ ಹತ್ತಿರದಿಂದ ಹಿಡಿಯಿರಿ. ದೂರದಿಂದ ಹಿಡಿದರೆ ಎಲೆಗಳ ನಡುವಿನ ಕಾದ ನೆಲವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಪ್ಪತ್ತು ಎಲೆಗಳನ್ನಾದರೂ ಅಳೆದು ಬರೆದುಕೊಳ್ಳಿ. ನೀರುಂಡ ಎಲೆ ಬೆವರಿ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ನೀರಿಲ್ಲದ ಎಲೆ ಪತ್ರರಂಧ್ರ ಮುಚ್ಚಿಕೊಂಡು ಕಾಯುತ್ತದೆ. ಆದ್ದರಿಂದ ಅದೇ ಬಿಸಿಲಿನಲ್ಲಿ ಒಂದು ಗಿಡ ಪಕ್ಕದ ಗಿಡಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚು ತೋರಿಸಿದರೆ ಬಿಸಿಲನ್ನು ಬಿಟ್ಟು ಬೇರಿನ ಕಡೆ ನೋಡಿ.

ಗಾಳಿಯ ಒಣತನವೂ ಲೆಕ್ಕಕ್ಕೆ ಬರಬೇಕು. ಗಾಳಿಯ ಆವಿ ಕೊರತೆ, ಎಂದರೆ ಗಾಳಿ ಇನ್ನೂ ಎಷ್ಟು ನೀರಾವಿ ಹೀರಬಲ್ಲದು ಎಂಬುದರ ಅಳತೆ, ಸುಮಾರು 2.3 ಕಿಲೋಪಾಸ್ಕಲ್ ದಾಟಿದರೆ, ಮಣ್ಣಿನಲ್ಲಿ ನೀರಿದ್ದರೂ ಚಹಾ ಚಿಗುರಿನ ಬೆಳವಣಿಗೆ ಹಿಂಜರಿಯುತ್ತದೆ. ಹಾಗೆಂದರೆ 30 ಡಿಗ್ರಿಯಲ್ಲಿ ಆರ್ದ್ರತೆ ಶೇ. 46ರಷ್ಟಕ್ಕೆ, 35 ಡಿಗ್ರಿಯಲ್ಲಿ ಶೇ. 59ರಷ್ಟಕ್ಕೆ ಇಳಿದಾಗ. ‘ನೀರು ಕೊಟ್ಟರೂ ಚಿಗುರುತ್ತಿಲ್ಲ’ ಎಂಬ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ.

ತಾಪ ಎಲೆಯನ್ನು ನಿಜವಾಗಿ ಗಾಯಗೊಳಿಸಿದೆಯೇ ಎಂದು ತಿಳಿಯಲು ನೀರಿನ ವಿದ್ಯುದ್ವಾಹಕತೆ ಅಳೆಯುವ ಸಣ್ಣ ಮೀಟರ್ ಸಾಕು. ಒಂದೇ ವಯಸ್ಸಿನ ಎಲೆಗಳಿಂದ ಕಾಗದ ತೂತು ಮಾಡುವ ಪಂಚ್‌ನಲ್ಲಿ ಇಪ್ಪತ್ತು ಬಿಲ್ಲೆ ಕತ್ತರಿಸಿ, ಶುದ್ಧ ಬಟ್ಟಿ ನೀರಿನಲ್ಲಿ ಒಮ್ಮೆ ಜಾಲಾಡಿಸಿ, 40 ಮಿಲಿಲೀಟರ್ ಬಟ್ಟಿ ನೀರಿನಲ್ಲಿ ನಾಲ್ಕು ಗಂಟೆ ಬಿಡಿ. ವಾಹಕತೆ ಅಳೆಯಿರಿ. ಮುಚ್ಚಿಟ್ಟ ಪಾತ್ರೆಯಲ್ಲಿ ಬಿಲ್ಲೆಗಳ ಸಮೇತ ನೀರನ್ನು ಕುದಿಸಿ, ಪೂರ್ತಿ ಆರಿಸಿ ಮತ್ತೆ ಅಳೆಯಿರಿ. ಮೊದಲಿನದು ಎರಡನೆಯದರ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ. ಕೋಶಪೊರೆ ಹರಿದಿದ್ದರೆ ಒಳಗಿನ ಲವಣ ಕುದಿಸುವ ಮೊದಲೇ ಸೋರಿ ಬಂದಿರುತ್ತದೆ. ನೆರಳಿನ ಎಲೆಯ ಅಂಕಿಗಿಂತ ಬಿಸಿಲಿನ ಎಲೆಯದು ಸ್ಪಷ್ಟವಾಗಿ ಮೇಲಿದ್ದರೆ ಗಾಯ ಖಚಿತ.

ತಾಪದ ವೇಷ ತೊಟ್ಟ ಬೇರೆಯವರು

ಬಿಸಿ ಹವೆಯಲ್ಲಿ ತಾವೂ ಬಂದು, ಬಿಸಿಲಿನ ಹೆಸರು ಕೆಡಿಸುವವರು ಕೆಲವರಿದ್ದಾರೆ. ಮೊದಲನೆಯದು ಕೆಂಪು ಜೇಡ ನುಸಿ. ಒಣ ಸೆಕೆ ಅದಕ್ಕೆ ಹಬ್ಬ. ಬಲಿತ ಎಲೆಯ ಮೇಲ್ಭಾಗದಲ್ಲಿ, ನಡುನರದ ಪಕ್ಕದಿಂದ ಆರಂಭವಾಗಿ ತಾಮ್ರದ ಬಣ್ಣ ಹರಡುತ್ತದೆ. ದೂರದಿಂದ ಥೇಟ್ ಬಿಸಿಲಿಗೆ ಸುಟ್ಟಂತೆಯೇ ಕಾಣುತ್ತದೆ. ಎಲೆಯ ಮೇಲೆ ಬಿಳಿ ಕಾಗದವನ್ನು ಒತ್ತಿ ಉಜ್ಜಿ. ಸಣ್ಣ ಕೆಂಪು ಗೀರು ಬಿದ್ದರೆ ನುಸಿ. ಭೂತಗನ್ನಡಿಯಲ್ಲಿ ಬಿಳಿಯ ಪೊರೆಯ ಚೂರುಗಳೂ ಕಾಣುತ್ತವೆ. ನಿಜವಾದ ಬಿಸಿಲುಸುಡುವಿಕೆ ನರದ ಲೆಕ್ಕ ಇಡುವುದಿಲ್ಲ: ಸೂರ್ಯನಿಗೆ ಎದುರಾದ ಮೈಯಲ್ಲಿ, ಮೇಲಿನ ಹಾಸಿನ ಎಲೆಗಳಲ್ಲಿ, ಒಣಹುಲ್ಲಿನ ಬಣ್ಣದ ಸತ್ತ ಮಚ್ಚೆಯಾಗಿ ಬರುತ್ತದೆ. ನೆರಳಿನ ಕೊಂಬೆ ಕಡಿದ ಬೆನ್ನಿಗೇ ಬಂದರಂತೂ ಅನುಮಾನವೇ ಬೇಡ.

ಎಳೆ ಎಲೆಯ ಅಂಚು ಕಂದಾಗಿ ಕೆಳಕ್ಕೆ ಮುದುರಿದ್ದರೆ ಜಿಗಿಹುಳು. ದುಂಡನೆಯ ಕಂದು ಚುಕ್ಕೆಗಳಿದ್ದರೆ ಟೀ ಸೊಳ್ಳೆ ಎಂಬ ರಸ ಹೀರುವ ಕೀಟ. ಹಳೆಯ ಎಲೆಗಳ ಅಂಚು ಮಾತ್ರ ತುದಿಯಿಂದ ಒಣಗುತ್ತಾ ಬಂದಿದ್ದರೆ ಪೊಟ್ಯಾಷ್ ಕೊರತೆ. ಪೊಟ್ಯಾಷ್ ಕಡಿಮೆಯಾದ ಗಿಡ ಪತ್ರರಂಧ್ರಗಳನ್ನು ಹತೋಟಿಯಲ್ಲಿಡಲಾರದೆ ತಾಪಕ್ಕೂ ಬೇಗ ಸೋಲುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ಇರಬಹುದು. ಸುತ್ತ ಎಲ್ಲ ಗಿಡ ಹಸಿರಾಗಿದ್ದು ನಡುವೆ ಒಂದೇ ಗಿಡ ಬಾಡಿ, ಒಣಗಿದ ಎಲೆ ಉದುರದೆ ನೇತಾಡುತ್ತಿದ್ದರೆ ಅದು ಬೇರುರೋಗದ ಲಕ್ಷಣ. ತಡಮಾಡದೆ ಬುಡ ಅಗೆದು ನೋಡಿ.

ಇನ್ನು ಬಂಜಿ. ಸೆಕೆಗೂ ಒಣಹವೆಗೂ ಚಿಗುರಿನ ಮೊಗ್ಗು ನಿದ್ದೆಗೆ ಜಾರುತ್ತದೆ, ಪಕ್ಕದ ಎಲೆಗಳು ಬೇಗ ಬಲಿತು ಗಡುಸಾಗುತ್ತವೆ. ಕೊಯ್ದ ರಾಶಿಯಿಂದ ಕಣ್ಣು ಮುಚ್ಚಿ ನೂರು ಚಿಗುರು ತೆಗೆದು, ಸಕ್ರಿಯ ಮೊಗ್ಗಿನವು ಎಷ್ಟು, ಬಂಜಿ ಎಷ್ಟು ಎಣಿಸಿ. ಹತ್ತು ನಿಮಿಷದ ಕೆಲಸ. ಕಳೆದ ತಿಂಗಳ ಎಣಿಕೆ ಪಕ್ಕದಲ್ಲಿದ್ದರೆ ಅರ್ಧ ಪ್ರಶ್ನೆ ಅಲ್ಲಿಯೇ ಬಗೆಹರಿಯುತ್ತದೆ.

ಚೀಲದೊಳಗಿನ ಬಿಸಿಲು

ಕೊಯ್ದ ಎಲೆ ಸತ್ತ ಎಲೆಯಲ್ಲ. ಅದು ಉಸಿರಾಡುತ್ತಲೇ ಇರುತ್ತದೆ, ಉಸಿರಾಟ ತಾಪ ಬಿಡುತ್ತದೆ. ಒತ್ತಿ ತುಂಬಿದ ಚೀಲದ ನಡುವಿನ ಎಲೆಗೆ ಆ ತಾಪ ಹೊರಗೆ ಹೋಗಲು ದಾರಿಯಿಲ್ಲ. ತಾಪ ಏರಿದಷ್ಟೂ ಉಸಿರಾಟ ಬಿರುಸಾಗುತ್ತದೆ, ಇನ್ನಷ್ಟು ತಾಪ ಹುಟ್ಟುತ್ತದೆ.

ಒಂದು ಋತುವಿನಲ್ಲಿ ಮಾಲು ಮೇಲಿಂದ ಮೇಲೆ ಮಂಕಾಗಿ ಬರುತ್ತಿತ್ತು. ಬಿಸಿಲಿನದೇ ಕೆಲಸ ಎಂದು ನಾನೂ ನಂಬಿದ್ದೆ. ಹಬೆಯ ಮಾದರಿ ಎರಡೂ ತಾಕಿನಲ್ಲಿ ಒಂದೇ ಬಗೆ ಬಂದಾಗ ಮಾತ್ರ ಚೀಲದ ಕಡೆ ನೋಡಿದೆ. ಮರದ ಕೆಳಗೆ ಗಾಡಿಗಾಗಿ ಕಾಯುತ್ತಿದ್ದ ಚೀಲವೊಂದರ ನಡುವಿಗೆ ಮೊಣಕೈವರೆಗೆ ಕೈ ತೂರಿಸಿದೆ. ಹೊರಗಿನ ಎಲೆ ತಣ್ಣಗಿತ್ತು. ಒಳಗೆ ಜ್ವರ ಬಂದ ಮೈ ಮುಟ್ಟಿದ ಹಾಗಿತ್ತು. ಕೈ ಹೊರತೆಗೆದಾಗ ಬೆರಳಿಗೆ ಅಂಟಿ ಬಂದ ಎಲೆಗಳ ತೊಟ್ಟು ಆಗಲೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಮೂಗಿಗೆ ಹಿಡಿದರೆ ಹಣ್ಣು ಕೊಳೆಯುವ ಮೊದಲಿನ ಸಿಹಿ ವಾಸನೆ. ಹೊಸೆಯುವ ಯಂತ್ರ ತಲುಪುವ ಎಷ್ಟೋ ಮೊದಲೇ, ಯಾರೂ ನೋಡದ ಕಡೆ, ಆ ಎಲೆ ಹುದುಗಿ ಮುಗಿದಿತ್ತು. ತೋಟದಲ್ಲಿ ಗಿಡಗಳು ಚೆನ್ನಾಗಿಯೇ ಇದ್ದವು.

ಹಾಗಾಗಿ ಕೈ ತೂರಿಸಿ ನೋಡಿ, ಸಾಧ್ಯವಾದರೆ ಉದ್ದ ಕಡ್ಡಿಯ ತಾಪಮಾಪಕ ಚುಚ್ಚಿ. ಎಲೆರಾಶಿಯ ನಡುವೆ 35 ಡಿಗ್ರಿಗಿಂತ ಮೇಲೇರಲು ಬಿಡಬಾರದು. 40ರ ಹತ್ತಿರ ಹೋದರೆ ಕೆಂಪೆಲೆ ಗ್ಯಾರಂಟಿ. ಗಾಳಿಯಾಡುವ ಬಲೆಚೀಲ ಅಥವಾ ಬುಟ್ಟಿ, ಒತ್ತದೆ ತುಂಬುವುದು, ನೆರಳಿನಲ್ಲಿ ಇಡುವುದು, ದಿನಕ್ಕೆ ಒಂದು ಸಲದ ಬದಲು ಎರಡು ಮೂರು ಸಲ ಸಾಗಿಸುವುದು. ಈ ಕೈಪಿಡಿಯ ಎಲ್ಲ ಪರಿಹಾರಗಳಲ್ಲಿ ಇದಕ್ಕೆ ತಗಲುವ ಖರ್ಚು ಕಡಿಮೆ, ಫಲ ಮರುದಿನವೇ ಕಾಣುತ್ತದೆ.

ಬಾಡಿಸುವ ತೊಟ್ಟಿ, ಹುದುಗುವ ಕೋಣೆ

ಸೆಕೆಗಾಲದಲ್ಲಿ ಎಲೆಯ ನೀರು ಬೇಗ ಆರುತ್ತದೆ. ಮುಟ್ಟಿದರೆ ಬಾಡಿದಂತೆಯೇ ಇರುತ್ತದೆ. ಆದರೆ ಬಾಡಿಸುವುದರಲ್ಲಿ ಎರಡು ಕೆಲಸಗಳಿವೆ. ನೀರು ಆರುವುದು ಒಂದು, ಎಲೆಯೊಳಗಿನ ರಾಸಾಯನಿಕ ಬದಲಾವಣೆ ಇನ್ನೊಂದು. ಪ್ರೋಟೀನು ಅಮೈನೋ ಆಮ್ಲವಾಗಿ ಒಡೆಯುವುದು, ಘಮದ ಮೂಲದ್ರವ್ಯಗಳು ಸಿದ್ಧವಾಗುವುದು ಎರಡನೆಯದರ ಪಾಲು. ಅದಕ್ಕೆ 12ರಿಂದ 18 ಗಂಟೆ ಬೇಕು. ಬಿಸಿ ಗಾಳಿ ಬಿಟ್ಟು ಐದಾರು ಗಂಟೆಯಲ್ಲಿ ಮುಗಿಸಿದರೆ ಮೊದಲನೆಯದು ಆಗಿರುತ್ತದೆ, ಎರಡನೆಯದು ಆಗಿರುವುದಿಲ್ಲ. ರುಚಿಯಿದ್ದೂ ಘಮವಿಲ್ಲದ ಚಹಾದ ಕಾರಣ ಹೆಚ್ಚಾಗಿ ಇದೇ. ಬಿಸಿ ಗಾಳಿ ನಿಲ್ಲಿಸಿ, ರಾತ್ರಿಯ ತಂಪು ಗಾಳಿಯನ್ನು ಬಳಸಿ, ಬೇಕಿದ್ದರೆ ಗಾಳಿಯನ್ನು ಆಗಾಗ ತಡೆದು ನೀರು ಆರುವುದನ್ನು ನಿಧಾನಿಸಿ.

ಹುದುಗಿಸುವುದು ಎಂದು ಕರೆದರೂ ಇಲ್ಲಿ ಯೀಸ್ಟ್ ಇಲ್ಲ. ಕ್ಯಾಟೆಚಿನ್‌ಗಳು ಗಾಳಿಯ ಆಮ್ಲಜನಕದೊಂದಿಗೆ ಸೇರುವ ಉತ್ಕರ್ಷಣ ಇದು. ಹೊಳಪು, ಚುರುಕು ಕೊಡುವ ಥಿಯಾಫ್ಲೇವಿನ್ ಮೊದಲು ಏರಿ, ತುದಿ ಮುಟ್ಟುವ ಒಂದು ಗಳಿಗೆಯ ನಂತರ ಇಳಿಯತೊಡಗುತ್ತದೆ. ಗಾಢ ಬಣ್ಣದ ಥಿಯಾರುಬಿಜಿನ್ ಏರುತ್ತಲೇ ಹೋಗುತ್ತದೆ. 24ರಿಂದ 27 ಡಿಗ್ರಿಯ ತೇವವಾದ ಕೋಣೆಯಲ್ಲಿ ಆ ಗಳಿಗೆಯನ್ನು ಹಿಡಿಯಲು ಸಮಯವಿರುತ್ತದೆ. ಕೋಣೆ ಕಾದರೆ ಅದು ಬೇಗ ಬಂದು ಬೇಗ ದಾಟಿಹೋಗುತ್ತದೆ, ಗಡಿಯಾರ ನೋಡಿ ಕೆಲಸ ಮಾಡುವವರು ತಡವಾಗಿ ನಿಲ್ಲಿಸುತ್ತಾರೆ. ಮಂಕು, ಸಪ್ಪೆ, ಆರಿದರೂ ಕೆನೆಗಟ್ಟದ ಚಹಾ ಹೀಗೆ ಹುಟ್ಟುತ್ತದೆ. ಪರೀಕ್ಷೆ ಸರಳ: ಒಂದೇ ಹೊಸೆತದ ಎಲೆಯನ್ನು ಹತ್ತು ಹತ್ತು ನಿಮಿಷದ ಅಂತರದಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಒಣಗಿಸಿ, ಎಲ್ಲವನ್ನೂ ಸಾಲಾಗಿಟ್ಟು ಕುಡಿಯಿರಿ. ಅತಿ ಹೊಳಪಿನ ಬಟ್ಟಲು ನೀವು ದಿನವೂ ನಿಲ್ಲಿಸುವ ಸಮಯಕ್ಕಿಂತ ಮೊದಲಿನದಾಗಿದ್ದರೆ ಸಮಯ ಕಡಿಮೆ ಮಾಡಿ, ಅಥವಾ ಹಾಸನ್ನು ತೆಳ್ಳಗೆ ಮಾಡಿ ಕೋಣೆ ತಂಪು ಮಾಡಿ.

ದೋಷ ಗಿಡದಲ್ಲಿಯೇ ಇದ್ದರೆ

ಗಿಡದಲ್ಲಿ ಕಳೆದುಹೋದ ಥಿಯಾನಿನ್ ಅನ್ನು ಯಂತ್ರದ ಮನೆಯಲ್ಲಿ ಮರಳಿ ತರಲು ಆಗುವುದಿಲ್ಲ. ಇದನ್ನು ಒಪ್ಪಿಕೊಂಡ ಮೇಲೆ ದಾರಿ ತಿಳಿಯಾಗುತ್ತದೆ.

ಈ ವಾರ ಮಾಡಬಹುದಾದದ್ದು ಕೊಯ್ಲಿನ ಸುತ್ತು ಚಿಕ್ಕದು ಮಾಡುವುದು. ಬೆಚ್ಚಗಿನ ದಿನಗಳಲ್ಲಿ ಎಲೆ ಬೇಗ ಬಿಚ್ಚಿಕೊಂಡು ಬೇಗ ಗಡುಸಾಗುತ್ತದೆ. ತಂಪು ಕಾಲದ ಅಂತರವನ್ನೇ ಇಟ್ಟುಕೊಂಡರೆ ಪ್ರತಿ ಸಲವೂ ತಡವಾಗಿ ಕೊಯ್ದಂತೆ. ಬೆಳಗಿನ ಹೊತ್ತು ಕೊಯ್ದು, ಉರಿಬಿಸಿಲಿನ ಗಂಟೆಗಳನ್ನು ಬಿಟ್ಟುಬಿಡಿ. ಹಸಿರು ಚಹಾ ಮಾಡುವವರು ಕೊಯ್ಲಿಗೆ ಒಂದು ವಾರ ಹತ್ತು ದಿನ ಮೊದಲು ನೆರಳುಬಲೆ ಕಟ್ಟಿ ನೋಡಬಹುದು. ಬಲೆ ಗಿಡಕ್ಕೆ ತಾಗಬಾರದು, ಮೇಲೆ ಕೈಯಾಡುವಷ್ಟು ಜಾಗ ಬಿಟ್ಟು ಕಟ್ಟಿ. ಕಪ್ಪು ಬಲೆ ತಾನೇ ಕಾದು, ತಾಗಿದ ಚಿಗುರನ್ನು ಸುಡುತ್ತದೆ.

ಒಂದು ತಪ್ಪನ್ನು ಮಾತ್ರ ಖಂಡಿತ ಮಾಡಬೇಡಿ: ಸಿಹಿ ಕಡಿಮೆಯಾಗಿದೆ, ಅಮೈನೋ ಆಮ್ಲಕ್ಕೆ ಸಾರಜನಕ ಬೇಕು ಎಂಬ ತರ್ಕದಿಂದ ಒಣಗಿ ಕಾದ ಮಣ್ಣಿಗೆ ಗೊಬ್ಬರ ಸುರಿಯುವುದು. ತರ್ಕ ಸರಿ, ಸಮಯ ತಪ್ಪು. ನೀರಿಲ್ಲದೆ ಬೇರು ಅದನ್ನು ಹೀರಲಾರದು. ಲವಣ ಸುತ್ತ ಗಟ್ಟಿಯಾಗಿ ಬೇರನ್ನೇ ಸುಡುತ್ತದೆ. ಮಣ್ಣು ತಣಿದು ತೇವಗೊಂಡ ಮೇಲೆ, ಚಹಾ ಇಷ್ಟಪಡುವ ಅಮೋನಿಯಂ ರೂಪದಲ್ಲಿ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಮಣ್ಣಿನ ಪಿಎಚ್ 4.5ರಿಂದ 5.5ರ ನಡುವೆ ಇದೆಯೇ ಎಂದು ಆಗ ಒಮ್ಮೆ ನೋಡಿಬಿಡಿ.

ಋತುವಿನ ಮಟ್ಟದಲ್ಲಿ ದೊಡ್ಡ ಲಾಭ ಕೊಡುವುದು ನೆಲದ ಹೊದಿಕೆ. ಗಿಡ ಸವರಿದಾಗ ಬೀಳುವ ಕಡ್ಡಿ ಸೊಪ್ಪನ್ನು ಹೊರಗೆ ಸಾಗಿಸದೆ ಸಾಲುಗಳ ನಡುವೆ ಹರಡಿ. ಥಿಯಾನಿನ್ ಹುಟ್ಟುವುದು ಬೇರಿನಲ್ಲಿ ಎಂಬುದು ನೆನಪಿದ್ದರೆ ನೆಲವನ್ನು ತಂಪಾಗಿಡುವುದು ರುಚಿಯ ಕೆಲಸವೇ ಎಂದು ತಿಳಿಯುತ್ತದೆ. ನೆರಳಿನ ಮರದ ಕೊಂಬೆಗಳನ್ನು ಸೆಕೆಗಾಲದ ಹೊಸ್ತಿಲಲ್ಲಿ ಕಡಿಯಬೇಡಿ. ಮರವಿಲ್ಲದ ಕಡೆ ಈಗ ನೆಟ್ಟರೆ ನೆರಳು ಬರಲು ವರ್ಷಗಳು ಬೇಕು, ಆದರೂ ನೆಡಿ. ತೀರಾ ದಟ್ಟವಾದ ನೆರಳು ಇಳುವರಿಯನ್ನೂ ತಗ್ಗಿಸುತ್ತದೆ, ಎಲೆ ಒಣಗದೆ ರೋಗವನ್ನೂ ಕರೆಯುತ್ತದೆ. ಬೀಳುವ ಬಿಸಿಲಿನ ಅರ್ಧದಷ್ಟಾದರೂ ಚುಕ್ಕೆ ಚುಕ್ಕೆಯಾಗಿ ಗಿಡಕ್ಕೆ ತಲುಪುವಂತಿರಬೇಕು.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಳೆಯ ಕ್ರಮದಲ್ಲಿಯೇ ಉಳಿಸಿಕೊಂಡ ಒಂದೆರಡು ಸಾಲು ಪಕ್ಕದಲ್ಲಿರಲಿ. ಮೂರನೆಯ ಕೊಯ್ಲಿಗೆ ಎರಡೂ ಕಡೆಯಿಂದ ಎರಡೆರಡು ಹಿಡಿ ಚಿಗುರು ತಂದು ಮತ್ತೆ ಹಬೆ ಕೊಡಿ. ಬಟ್ಟಲುಗಳ ಕೆಳಗೆ ಗುರುತು ಬರೆದು, ಯಾವುದು ಯಾವ ಸಾಲಿನದು ಎಂದು ತಿಳಿಯದವರ ಕೈಗೆ ಮೊದಲು ಕೊಡಿ.